ಕುಂಕುಮ ಹಚ್ಚಿಸಿಕೊಂಡ ಟ್ಯಾಂಪೂನ್

ಈಜು ಬರುವುದಿಲ್ಲ ಎಂದು ಹೇಳಿಕೊಳ್ಳಲು ಮಂಗಳೂರಿನವರಿಗೆ ನಾಚಿಕೆಯಾಗಬಹುದು, ಕೋಲಾರದವರಾದ ನಮಗೆ ಆಗುವುದಿಲ್ಲ. ಮೈತುಂಬಿ ಹರಿಯುವ ಹೊಳೆಯೊಂದನ್ನೂ ಕಾಣದೆ ಬೆಳೆದವರು ನಾವು. ನಮ್ಮ ಕಡೆ ನೀರು ಎಂದರೆ ಬೋರ್‌ವೆಲ್ಲಿನಿಂದ ಬರುವಂಥದ್ದು, ಟ್ಯಾಂಕರಿನಲ್ಲಿ ಬರುವಂಥದ್ದು, ಇಲ್ಲವೇ ಇನ್ನೇನು ಬಂದೇಬಿಡುತ್ತದೆ ಎಂದು ಭಾಷಣದಲ್ಲಿ ಬರುವಂಥದ್ದು. ಈ ಮೂರರಲ್ಲಿ ಯಾವುದರಲ್ಲೂ ಈಜಲಾಗದು. ಹೀಗಾಗಿ ನಲವತ್ಮೂರನೆಯ ವಯಸ್ಸಿನವರೆಗೂ ನಾನು, ತಲೆಗೆ ನೀರು ಹಾಕಿಕೊಳ್ಳುವಾಗ ಮೂಗಿಗೆ ನಾಲ್ಕು ಹನಿ ಹೋದರೆ ಮನೆಮಂದಿಯನ್ನೆಲ್ಲ ಕೂಗಿ ಕರೆಯುವವಳಾಗಿ ನೆಮ್ಮದಿಯಿಂದ ಇದ್ದೆ. ಆ ನೆಮ್ಮದಿಯನ್ನು ಹಾಳು ಮಾಡಿದವಳು ನಾಗವೇಣಿ.

ನಾಗವೇಣಿ ನಮ್ಮ ಸ್ಕೂಲಿನ ಪಿ.ಟಿ. ಟೀಚರು. ಹುತ್ತೂರಿನ ಕಡೆ ಒಂದು ಸರ್ಕಾರಿ ಹೈಸ್ಕೂಲು ನಮ್ಮದು. ಅವಳು ಮಕ್ಕಳನ್ನು ಓಡಿಸುತ್ತಾಳೆ, ನಾನು ವಿಜ್ಞಾನ ಹೇಳಿಕೊಟ್ಟು ಕೂರಿಸುತ್ತೇನೆ. ಕೋಲಾರದ ಬೈಪಾಸ್ ಪಕ್ಕದಲ್ಲಿ ಹೊಸದಾಗಿ ಒಂದು ಈಜುಕೊಳ ಆಗಿದೆ, ಬೆಳಿಗ್ಗೆ ಹೆಂಗಸರ ಬ್ಯಾಚು ಇದೆ ಎಂದು ಹೋದ ವರ್ಷದ ಬೇಸಿಗೆಗೆ ಮುಂಚೆಯೇ ಅವಳು ನನ್ನ ಪ್ರಾಣ ತಿನ್ನಲು ಶುರು ಮಾಡಿದಳು. "ಮೇಡಂ, ಮಂಡಿನೋವು ಅಂತೀರಲ್ಲ, ನೀರಲ್ಲಿ ಮಂಡಿ ಇರೋದೇ ಗೊತ್ತಾಗಲ್ಲ, ಬನ್ನಿ" ಎಂದಳು. ಹೋದೆ. ಮಂಡಿ ಇರುವುದು ಗೊತ್ತಾಗಲಿಲ್ಲ, ನಿಜ. ನಾನು ಇರುವುದೇ ಗೊತ್ತಾಗಲಿಲ್ಲ, ಅಷ್ಟು ನೀರು ಕುಡಿದಿದ್ದೆ. ಕೈ ಮುಚ್ಚುವ, ಕಾಲು ಮುಚ್ಚುವ, ಕತ್ತಿನವರೆಗೆ ಜಿಪ್ ಎಳೆಯುವ ಕಪ್ಪು ಡ್ರೆಸ್ಸು ಹಾಕಿಕೊಂಡು ನಾನು ಮೊದಲ ದಿನ ಹೊರಗೆ ಬಂದಾಗ ಎಮ್ಮೆ ಕೆರೆಗೆ ಇಳಿಯಲು ಹೊರಟಂತಿತ್ತು. ಆದರೆ ಎಮ್ಮೆಗೆ ಈಜು ಬರುತ್ತದೆ. ನನಗೆ ಬರಲು ಎರಡು ಬೇಸಿಗೆ ಬೇಕಾದವು.

ಕೊಳದ ಈ ತುದಿಯಿಂದ ಆ ತುದಿಗೆ ಕಾಲು ನೆಲಕ್ಕೆ ತಾಗಿಸದೆ ಹೋಗಿ ಮುಟ್ಟಿದ ದಿನವೇ ನಾಗವೇಣಿ ನನ್ನ ಹೆಸರನ್ನು ಶಿಕ್ಷಕರ ಕ್ರೀಡಾಕೂಟಕ್ಕೆ ಕೊಟ್ಟುಬಿಟ್ಟಳು. ಹೆಂಗಸರ ಈಜು ರಿಲೇ. ತಂಡಕ್ಕೆ ನಾಲ್ಕು ಜನ ಇರಲೇಬೇಕು, ಒಬ್ಬರು ಕಡಿಮೆಯಾದರೂ ತಂಡವಿಲ್ಲ. ನಮ್ಮ ತಾಲ್ಲೂಕಿನ ಟೀಚರಮ್ಮಂದಿರಲ್ಲಿ ಮುಳುಗದವರನ್ನು ಜರಡಿ ಹಿಡಿದು ನೋಡಿದರೂ ಸಿಕ್ಕಿದ್ದು ನಾಗವೇಣಿ, ನಲಿಕಲಿ ಮಕ್ಕಳಿಗೆ ಪಾಠ ಮಾಡುವ ಮಂಜುಳ, ಉರ್ದು ಶಾಲೆಯ ಜಬೀನಾ ಮೇಡಂ ಮತ್ತು ನಾನು. ಜಬೀನಾ ಅವರಂತೂ ಮನೆಯಲ್ಲಿ ಅತ್ತೆ, ಮಾವ, ಗಂಡ, ಗಂಡನ ಅಣ್ಣ ಎಲ್ಲರಿಂದ ಒಬ್ಬೊಬ್ಬರಾಗಿ ಒಪ್ಪಿಗೆ ಪಡೆಯುವ ಹೊತ್ತಿಗೆ ಅರ್ಧ ಬೇಸಿಗೆ ಕಳೆದಿತ್ತು. "ಸುಮಾ ಮೇಡಂ, ನೀವೇನಾದ್ರೂ ಕೈ ಕೊಟ್ರೆ ಇನ್ನೊಂದು ಸಲ ನಮ್ಮನೇಲಿ ಬಿಡಲ್ಲ, ಇದೊಂದೇ ಚಾನ್ಸು ನಂಗೆ" ಎಂದು ನನ್ನ ಕೈ ಹಿಡಿದುಕೊಂಡಿದ್ದರು. ನಾನು ಎದೆ ತಟ್ಟಿಕೊಂಡು ಬರುತ್ತೇನೆಂದೆ. ಮನೆಗೆ ಬಂದು ಕ್ಯಾಲೆಂಡರ್ ನೋಡಿದ ಮೇಲೆ ಎದೆ ತಾನಾಗಿಯೇ ಹೊಡೆದುಕೊಳ್ಳತೊಡಗಿತು. ರಿಲೇ ಇದ್ದ ಭಾನುವಾರ ನನ್ನ ಮುಟ್ಟಿನ ಎರಡನೆಯ ದಿನ.

ಇಲ್ಲಿ ನಮ್ಮ ಅತ್ತೆಯವರ ವಿಷಯ ಹೇಳಲೇಬೇಕು. ನಾರಾಯಣಮ್ಮ ಎಂದು ಹೆಸರು, ತವರು ಶ್ರೀನಿವಾಸಪುರದ ಹತ್ತಿರದ ಹಳ್ಳಿ, ಅಣ್ಣನಿಗೆ ಅಲ್ಲಿ ಮಾವಿನ ತೋಟವಿದೆ. ಕೋಪ ಬಂದರೆ ತೆಲುಗು, ಪ್ರೀತಿ ಬಂದರೂ ತೆಲುಗು, ಉಳಿದ ವ್ಯವಹಾರವೆಲ್ಲ ಕನ್ನಡ. ನಾನು ಮಾಲೂರಿನಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಮುಟ್ಟಾದರೆ ಮೂರು ದಿನ ಜಗಲಿಯ ಕೋಣೆಯಲ್ಲಿ ಬೇರೆ ತಟ್ಟೆ, ಬೇರೆ ಚಾಪೆ. ನನಗೆ ಕೆಲಸ ಸಿಕ್ಕಿ ಬೆಳಿಗ್ಗೆ ಬಸ್ಸು ಹಿಡಿಯುವುದು ಶುರುವಾದ ಮೇಲೆ ಚಾಪೆ ಹೋಯಿತು. ಮಗನ ಹಿಂದೆಯೇ ಮಗಳು ಇಂಚರ ಹುಟ್ಟಿ, ಇಬ್ಬರನ್ನೂ ಎತ್ತಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂದಾಗ ಕೋಣೆ ಹೋಯಿತು. ಪಾತ್ರೆ ತೊಳೆಯುವವಳು ಕೆಲಸ ಬಿಟ್ಟ ವರ್ಷ ತಟ್ಟೆಯೂ ಹೋಯಿತು. ಹೀಗೆ ಅತ್ತೆ ಒಂದೊಂದೇ ಗಡಿ ಬಿಟ್ಟುಕೊಡುತ್ತ ಬಂದರೂ ಎರಡು ಜಾಗಗಳಲ್ಲಿ ಮಾತ್ರ ಆಗಲೂ ಕಾವಲು ನಿಂತಿದ್ದರು. ಒಂದು ದೇವರ ಮನೆ, ಇನ್ನೊಂದು ಉಪ್ಪಿನಕಾಯಿ ಜಾಡಿ. ಮುಟ್ಟಾದವಳ ನೆರಳು ಬಿದ್ದರೆ ಉಪ್ಪಿನಕಾಯಿಗೆ ಬೂಷ್ಟು ಬರುತ್ತದೆ ಎಂಬುದರಲ್ಲಿ ಅವರಿಗೆ ದೇವರಿಗಿಂತ ಹೆಚ್ಚು ನಂಬಿಕೆ. ಇನ್ನು ಮುಟ್ಟಾಗಿ ನೀರಿಗಿಳಿಯುತ್ತೇನೆ ಎಂದರೆ ಕೇಳಬೇಕೆ! ಹೇಳದೇ ಇರುವುದೇ ಕ್ಷೇಮ ಎಂದು ತೀರ್ಮಾನಿಸಿದೆ.

ದಾರಿ ತೋರಿಸಿದವಳು ನಾಗವೇಣಿಯೇ. "ಟ್ಯಾಂಪೂನ್ ಹಾಕ್ಕೊಳಿ ಮೇಡಂ. ಒಳಗಿಟ್ಕೊಳ್ಳೋದು, ನೀರಲ್ಲಿ ಏನೂ ಆಗಲ್ಲ" ಎಂದು ಫೋನಿನಲ್ಲಿ ಬಸ್ಸಿನ ಸದ್ದಿನ ನಡುವೆ ಕಿರುಚಿದಳು. ಬಸ್ಸಿನವರೆಲ್ಲ ಕೇಳಿಸಿಕೊಂಡಿರಬೇಕು. ನಾನು ಮೆಡಿಕಲ್ ಶಾಪಿಗೆ ಹೋದೆ. ಕೋಲಾರದಂಥ ಊರಿನಲ್ಲಿ ಟೀಚರಾಗಿರುವುದರ ಕಷ್ಟ ಟೀಚರುಗಳಿಗೇ ಗೊತ್ತು. ಯಾವ ಅಂಗಡಿಗೆ ಹೋದರೂ ಪಕ್ಕದಲ್ಲಿ ಒಬ್ಬ ಪೋಷಕ ನಿಂತಿರುತ್ತಾನೆ. "ನಮಸ್ಕಾರ ಮೇಡಂ, ನಮ್ಮ ಹುಡುಗ ಹೆಂಗೆ ಓದ್ತಾನೆ?" ಎನ್ನುತ್ತಾನೆ. ಅವನ ಹುಡುಗನ ಓದಿನ ಬಗ್ಗೆ ಮಾತಾಡುತ್ತ ಟ್ಯಾಂಪೂನ್ ಕೊಡಿ ಎನ್ನುವುದು ಹೇಗೆ? ಕೆಮ್ಮಿನ ಔಷಧಿ ಕೊಡಿ ಎಂದೆ. ಮಾರನೆಯ ದಿನ ಇನ್ನೊಂದು ಅಂಗಡಿಯಲ್ಲಿ ಇನ್ನೊಬ್ಬ ಪೋಷಕ, ಇನ್ನೊಂದು ಕೆಮ್ಮಿನ ಔಷಧಿ. ಅದರ ಮಾರನೆಯ ದಿನ ಪೋಷಕರಿರಲಿಲ್ಲ, ಆದರೆ ಅಂಗಡಿಯವನೇ ನನ್ನ ಹಳೆಯ ವಿದ್ಯಾರ್ಥಿ. "ಯಾರಿಗೆ ಇಷ್ಟು ಕೆಮ್ಮು?" ಎಂದು ನಮ್ಮ ಯಜಮಾನರು ಬಾಟಲಿಗಳನ್ನು ನೋಡಿ ಗಾಬರಿಯಾದರು. ಕೊನೆಗೆ ಪಿಯುಸಿ ಓದುವ ಇಂಚರ ನನ್ನ ಪಾಡು ನೋಡಲಾರದೆ, "ಅಯ್ಯೋ ಅಮ್ಮ, ಹತ್ತನೇ ಕ್ಲಾಸಿಗೆ ಸಂತಾನೋತ್ಪತ್ತಿ ಪಾಠ ಮಾಡೋಳು ನೀನೇನಾ?" ಎಂದು ಫೋನಿನಲ್ಲೇ ಆರ್ಡರ್ ಮಾಡಿದಳು. ಆ ಪಾಠವನ್ನು ನಾನು ಮನೆಯಲ್ಲಿ ಓದಿಕೊಳ್ಳಿ ಎಂದು ಬಿಟ್ಟುಬಿಡುತ್ತೇನೆ ಎಂದು ಅವಳಿಗೆ ಹೇಳಲಿಲ್ಲ.

ಪಾರ್ಸೆಲ್ ಬಂದ ದಿನ ನಾನೂ ಇಂಚರಾಳೂ ಮನೆಯಲ್ಲಿರಲಿಲ್ಲ. ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹೊಸದಾಗಿ ಏನೇ ಒಳಗೆ ಬರಲಿ, ಸೀರೆಯಿರಲಿ, ಕುಕ್ಕರ್ ಇರಲಿ, ಮೊನ್ನೆ ತಂದ ವೈಫೈ ಡಬ್ಬಿಯೇ ಇರಲಿ, ಅದು ಮೊದಲು ದೇವರ ಮುಂದೆ ಕೂತು, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಆಮೇಲೆ ಬಳಕೆಗೆ ಬರಬೇಕು. ಅತ್ತೆ ಪಾರ್ಸೆಲ್ ಬಿಚ್ಚಿದ್ದಾರೆ. ಡಬ್ಬಿಯ ಮೇಲಿನ ಚಿತ್ರದಲ್ಲಿ ಬೆಳ್ಳಗೆ, ಬೆರಳುದ್ದ, ಒತ್ತಾಗಿ ಹೊಸೆದ ಹತ್ತಿ, ತುದಿಗೊಂದು ದಾರ. ಓದಲು ಕನ್ನಡಕವಿಲ್ಲ, ಇದ್ದರೂ ಅಕ್ಷರ ಇಂಗ್ಲಿಷಿನದು. ಸಂಜೆ ನಾನು ಬಂದು ಕೈಕಾಲು ತೊಳೆದು ದೇವರ ಮನೆಗೆ ಇಣುಕಿದರೆ, ವೆಂಕಟರಮಣನ ಪಟದ ಮುಂದೆ, ದೀಪದ ಕಂಬದ ಪಕ್ಕದಲ್ಲಿ ನನ್ನ ಟ್ಯಾಂಪೂನ್ ಡಬ್ಬಿ! ಮೇಲೆ ಒಂದು ದುಂಡನೆಯ ಕುಂಕುಮ, ಒಂದು ಕಣಗಲೆ ಹೂವು.

"ಒಳ್ಳೇ ಬತ್ತಿ ತರಿಸಿದ್ದೀಯಾ ಕಣೇ" ಎಂದರು ಅತ್ತೆ ಹಿಂದಿನಿಂದ. "ನಮ್ಮ ಅಂಗಡೀಲಿ ತರೋವು ಎಣ್ಣೇಲಿ ನೆಂದ್ರೆ ಬಿಚ್ಚೋಗ್ತವೆ. ಇವು ಗಟ್ಟಿಯಾಗವೆ. ಇವತ್ತು ಒಂದು ಹಚ್ಚಿ ನೋಡಣ ಅಂತಿದ್ದೆ."

"ಅತ್ತೆ, ಅದು ಸ್ಕೂಲಿನ ಲ್ಯಾಬಿಗೆ!" ಎಂದು ಡಬ್ಬಿಯನ್ನು ಕಿತ್ತುಕೊಂಡೆ. ಕಣಗಲೆ ಹೂವು ಕೆಳಗೆ ಬಿತ್ತು. "ಲ್ಯಾಬಿಗೆ ಬತ್ತಿ ಯಾಕೆ?" ಎಂದರು. ಸ್ಪಿರಿಟ್ ಲ್ಯಾಂಪಿಗೆ ಎಂದೆ. ಸುಳ್ಳು ಹೇಳುವಾಗ ವಿಜ್ಞಾನ ಓದಿದ್ದು ಇಷ್ಟಾದರೂ ಉಪಯೋಗಕ್ಕೆ ಬಂತು. "ಹೋಗ್ಲಿ, ದೇವರಿಗೆ ತೋರ್ಸಿದ್ದೀನಿ, ಮಕ್ಕಳಿಗೆ ಒಳ್ಳೇದಾಗ್ತದೆ" ಎಂದು ಅವರು ಹಳೆಯ ಬತ್ತಿಯನ್ನೇ ಹಚ್ಚಿದರು.

ಶನಿವಾರ ಬೆಳಿಗ್ಗೆ, ಹೇಳಿ ಕಳಿಸಿದಂತೆ, ಮುಟ್ಟು ಬಂತು. ಅದೇ ಬೆಳಿಗ್ಗೆ ಶ್ರೀನಿವಾಸಪುರದಿಂದ ಅತ್ತೆಯ ಅಣ್ಣ ಬಸ್ಸಿಗೆ ಹಾಕಿ ಕಳಿಸಿದ್ದ ಉಪ್ಪಿನಕಾಯಿ ಮಾವೂ ಬಂತು, ಎರಡು ಚೀಲ. ಅತ್ತೆ ಮಾವಿನಕಾಯಿ ಒರೆಸುವುದರಲ್ಲಿ ಮುಳುಗಿದ್ದನ್ನು ನೋಡಿ ನಾನು ಡಬ್ಬಿ ಹಿಡಿದು ಬಚ್ಚಲು ಸೇರಿದೆ. ಒಳಗೊಂದು ಕಾಗದವಿತ್ತು. ಅದರಲ್ಲಿ ಯಾವ ಯಾವ ದೇಶದ್ದೋ ಭಾಷೆಗಳಿದ್ದವು, ಕನ್ನಡ ಬಿಟ್ಟು. ಚಿತ್ರದಲ್ಲಿ ಒಬ್ಬಳು ತೆಳ್ಳನೆಯ ಹುಡುಗಿ ಒಂದು ಕಾಲನ್ನು ಎತ್ತರದಲ್ಲಿಟ್ಟು ನಗುತ್ತ ನಿಂತಿದ್ದಳು. ನಾನೂ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕಾಲಿಟ್ಟೆ. ನಗು ಮಾತ್ರ ಬರಲಿಲ್ಲ. ಎಷ್ಟು ತಳ್ಳಿದರೂ ಅದು ಗೋಡೆಗೆ ತಾಗಿದಂತೆ ನಿಲ್ಲುತ್ತಿತ್ತು. ಇಬ್ಬರು ಮಕ್ಕಳನ್ನು ಹೆತ್ತಿದ್ದೇನೆ, ಈಗ ಹಾಸ್ಟೆಲಿನಲ್ಲಿರುವ ದೊಡ್ಡವನು ಹುಟ್ಟಿದಾಗ ನಾಲ್ಕು ಕೆ.ಜಿ. ಇದ್ದ. ಅವನು ಬಂದ ದಾರಿಯಲ್ಲಿ ಬೆರಳುದ್ದದ ಹತ್ತಿ ಹೋಗಲಾರದೆ ನಿಂತಿದೆ! ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ರಸ್ತೆಯಲ್ಲಿ ಯಾವ ತಿರುವಿನಲ್ಲಿ ಯಾವ ಮರವಿದೆ ಎಂದು ಕಣ್ಣು ಮುಚ್ಚಿ ಹೇಳುವ ನನಗೆ ನನ್ನ ಮೈಯ ತಿರುವೇ ಗೊತ್ತಿರಲಿಲ್ಲ. ಸಿಟ್ಟು ಬಂತು, ಅಳುವೂ ಬಂತು.

ಅಷ್ಟರಲ್ಲಿ ಬಕೆಟ್ಟು ಜಾರಿ ದಡಾರನೆ ಉರುಳಿತು. ಹೊರಗಿನಿಂದ ಅತ್ತೆಯ ತೆಲುಗು ತೂರಿಬಂತು. "ಏಮೈಂದೇ? ಬಿದ್ಯೇನೇ?"

"ಇಲ್ಲ ಅತ್ತೆ, ಬಕೆಟ್ಟು!"

ಬಾಗಿಲ ಹತ್ತಿರ ಇಂಚರ ಬಂದು ಪಿಸುಗುಟ್ಟಿದಳು. "ಅಮ್ಮ, ನೇರ ಮೇಲಕ್ಕೆ ತಳ್ತಾ ಇದ್ದೀಯಾ? ಹಂಗಲ್ಲ, ಬೆನ್ನಿನ ಕಡೆಗೆ. ಓರೆಯಾಗಿ. ಮೊದಲು ಉಸಿರು ಬಿಡು, ಮೈ ಬಿಗಿ ಹಿಡಿದ್ರೆ ಹೋಗಲ್ಲ."

"ಒಳಗೇ ಕಳೆದುಹೋದ್ರೆ ಏನೇ ಮಾಡೋದು?"

"ಎಲ್ಲಿಗೆ ಹೋಗುತ್ತೆ ಅಮ್ಮ? ಮುಂದೆ ರಸ್ತೆಯಿಲ್ಲ. ದಾರ ಹೊರಗಿರುತ್ತೆ. ನೀನೇ ತಾನೇ ಚಿತ್ರ ಬರೆಸೋಳು, ಭಾಗ ಗುರುತಿಸಿ ಅಂತ!"

ಮೊದಲನೆಯದು ಅರ್ಧಕ್ಕೇ ನಿಂತಿತು. ಆಗಿದ್ದಾಗಲಿ ಎಂದು ಹೊರಗೆ ಬಂದು ನಡುಮನೆಯಲ್ಲಿ ನಾಲ್ಕು ಹೆಜ್ಜೆ ಹಾಕಿದೆ. ಪೇಪರ್ ಓದುತ್ತಿದ್ದ ಯಜಮಾನರು ತಲೆಯೆತ್ತಿ, "ಕಾಲಿಗೆ ಏನಾಯ್ತೇ?" ಎಂದರು. ಬಾತುಕೋಳಿಯ ನಡಿಗೆ ಅವರ ಕಣ್ಣಿಗೂ ಬಿದ್ದಿತ್ತು. "ಅದು ಇರೋದು ಗೊತ್ತಾಗ್ತಿದೆ ಅಂದ್ರೆ ಸರಿಯಾಗಿ ಹೋಗಿಲ್ಲ ಅಂತ" ಎಂದು ಮಗಳು ನನ್ನನ್ನು ಮತ್ತೆ ಬಚ್ಚಲಿಗೆ ಅಟ್ಟಿದಳು. ಎರಡನೆಯದಕ್ಕೆ ಉಸಿರು ಬಿಟ್ಟೆ, ಓರೆ ಹಿಡಿದೆ, ವೆಂಕಟರಮಣನನ್ನು ನೆನೆದೆ. ಹೇಗೂ ಅವನಿಗೆ ವಿಷಯ ಗೊತ್ತಿತ್ತು. ಸರ್ರನೆ ಹೋಯಿತು. ನಿಂತೆ, ಕೂತೆ, ಬಗ್ಗಿದೆ. ಏನೂ ಇಲ್ಲ. ನಿಜವಾಗಿ ಇದೆಯೋ ಇಲ್ಲವೋ ಎಂದು ದಾರ ಮುಟ್ಟಿ ನೋಡಿಕೊಂಡೆ. ಇತ್ತು. ಹೆಚ್ಚು ಹೊತ್ತು ಇಟ್ಟುಕೊಂಡರೆ ಸೋಂಕಾಗುತ್ತದೆ, ಆಗಾಗ ಬದಲಾಯಿಸುತ್ತಿರಬೇಕು ಎಂದು ಇಂಚರ ನನ್ನ ಫೋನಿನಲ್ಲಿ ಅಲಾರಂ ಇಟ್ಟುಕೊಟ್ಟಳು.

ಕೊನೆಯ ಅಭ್ಯಾಸಕ್ಕೆಂದು ಈಜುಕೊಳಕ್ಕೆ ಹೋದೆ. ಮೊದಮೊದಲು ಹಿಂದೆ ಹಿಂದೆ ತಿರುಗಿ ನೀರಿನ ಬಣ್ಣ ನೋಡುತ್ತಿದ್ದೆ. ನೀರು ನೀಲಿಯಾಗಿಯೇ ಇತ್ತು. ಹೋಗಿ ಬಂದೆ, ಹೋಗಿ ಬಂದೆ. ಮುಟ್ಟಿನ ದಿನ ಮೈ ಇಷ್ಟು ಹಗುರವಾಗಿದ್ದದ್ದು ನನಗೆ ನೆನಪೇ ಇಲ್ಲ. ಎಷ್ಟು ಖುಷಿಯಾಯಿತು ಎಂದರೆ ಮನೆಗೆ ಬಂದು ಬದಲಾಯಿಸಿಕೊಂಡು, ಊಟ ಮಾಡಿ, ಹಾಡು ಗುನುಗುತ್ತ ಕೂತೆ. ಹೊಟ್ಟೆನೋವಿಲ್ಲ, ಒದ್ದೆಯಿಲ್ಲ, ಸೀರೆ ಎಳೆದು ನೋಡಿಕೊಳ್ಳುವುದಿಲ್ಲ. ಎಲ್ಲವೂ ಎಷ್ಟು ಚೆನ್ನಾಗಿತ್ತೆಂದರೆ, ನಾನು ಮುಟ್ಟಾಗಿದ್ದೇನೆ ಎಂಬುದನ್ನೇ ಮರೆತುಬಿಟ್ಟೆ.

"ಸುಮಾ, ಬಾರೇ" ಎಂದು ಅತ್ತೆ ಕರೆದರು. "ನನ್ನ ತೋಳು ಎತ್ತಕ್ಕಾಗಲ್ಲ. ನೀನೇ ಕಲೆಸಿಬಿಡು."

ಹೋದೆ. ದೊಡ್ಡ ಬೇಸನ್ನಿನ ತುಂಬ ಹೋಳು, ಕಲ್ಲುಪ್ಪು, ಖಾರದಪುಡಿ, ಸಾಸಿವೆ ಪುಡಿ, ಮೆಂತ್ಯ. ಅತ್ತೆ ಎಣ್ಣೆ ಹೊಯ್ಯುತ್ತಿದ್ದರು, ನಾನು ಮೊಣಕೈವರೆಗೆ ಇಳಿಸಿ ಕಲೆಸುತ್ತಿದ್ದೆ. ಅದು ನಮ್ಮೊಬ್ಬರ ಮನೆಯದಲ್ಲ. ಶ್ರೀನಿವಾಸಪುರದ ಅಣ್ಣನ ಮನೆಗೆ, ಮುಳಬಾಗಿಲಿನ ನಾದಿನಿಯ ಮನೆಗೆ, ಮಾಲೂರಿನ ನನ್ನ ತವರಿಗೆ, ಎಲ್ಲರಿಗೂ ಇಡೀ ವರ್ಷಕ್ಕೆ ಆಗಬೇಕಾದದ್ದು. ಘಮಘಮ ಎನ್ನುತ್ತಿತ್ತು. ಆಗ ಶೆಲ್ಫಿನ ಮೇಲಿದ್ದ ನನ್ನ ಫೋನು ಬಾಯಿ ಬಡಿದುಕೊಳ್ಳತೊಡಗಿತು.

"ಅದೇನೇ ಅದು, ಹಂಗೆ ಹೊಡ್ಕೊಳ್ತದೆ?" ಎಂದರು ಅತ್ತೆ.

ನಾನು ಬಾಯಿ ತೆರೆಯುವ ಮೊದಲೇ ಮಹಡಿಯಿಂದ ಇಂಚರ ಕೂಗಿದಳು. "ಅಮ್ಮಾ, ಬದಲಾಯಿಸೋ ಟೈಮಾಯ್ತು! ಇವತ್ತು ಫಸ್ಟ್ ಡೇ, ಲೇಟ್ ಮಾಡ್ಬೇಡ!"

ಕೆಲವು ಮಾತುಗಳಿಗೆ ಅನುವಾದ ಬೇಕಿಲ್ಲ. ಅತ್ತೆಯ ಕೈಯಲ್ಲಿದ್ದ ಎಣ್ಣೆಯ ಚೊಂಬು ನಿಂತಿತು. ನನ್ನ ಮುಖ ನೋಡಿದರು, ಬೇಸನ್ ನೋಡಿದರು, ಬೇಸನ್ನಿನಲ್ಲಿ ಹೂತುಹೋಗಿದ್ದ ನನ್ನ ಎರಡು ಕೈ ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನಾಲ್ಕು ಮನೆಯ ಉಪ್ಪಿನಕಾಯಿ. ನಾಳೆಯ ರಿಲೇ. ಜಬೀನಾ ಮೇಡಂ ಹಿಡಿದುಕೊಂಡಿದ್ದ ಕೈ ಈಗ ಖಾರದೊಳಗಿತ್ತು. "ಅತ್ತೆ, ಬೇಕೂಂತ ಮಾಡ್ಲಿಲ್ಲ, ಮರ್ತೇಹೋಯ್ತು" ಎಂದೆ. ಜಗತ್ತಿನಲ್ಲಿ ಯಾವ ಹೆಂಗಸಾದರೂ ಅತ್ತೆಯ ಮುಂದೆ ಈ ಮಾತು ಹೇಳಿರಲಿಕ್ಕಿಲ್ಲ.

"ಮರೆಯೋದು ಹೆಂಗೇ ಆಗ್ತದೆ ಅದು?" ಎಂದರು.

ಎಲ್ಲ ಹೇಳಿದೆ. ಒಳಗಿಟ್ಟುಕೊಳ್ಳುವುದು, ದಾರ, ಓರೆ, ಈಜುಕೊಳ, ಎಲ್ಲ. ಅವರು ಕೇಳುತ್ತಲೇ ಇದ್ದರು. ಹೇಳಿ ಮುಗಿಸಿ ನಾನು ಬದಲಾಯಿಸಲೆಂದು ಎದ್ದೆ. ಅತ್ತೆ ದಡಕ್ಕನೆ ಎದ್ದು ನನ್ನ ರಟ್ಟೆ ಹಿಡಿದರು. ಬೈಯುತ್ತಾರೆ ಎಂದುಕೊಂಡೆ.

"ಎಲ್ಲಿಗೇ ಹೊರಟೆ ಈ ಕೈಯಲ್ಲಿ? ಖಾರದ ಕೈ ಕಣೇ! ಅಲ್ಲಿಗೆ ತಗಲಿದ್ರೆ ಸತ್ತೇಹೋಗ್ತೀಯಾ!"

ಆ ಆಪತ್ತು ನನಗೆ ಹೊಳೆದೇ ಇರಲಿಲ್ಲ. ಹಿತ್ತಲಿಗೆ ಎಳೆದುಕೊಂಡು ಹೋಗಿ ಮೊದಲು ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದರು, ಮೇಲೆ ಕಡಲೆಹಿಟ್ಟು, ಮೇಲೆ ಸೋಪು. ಒಂದೊಂದು ಬೆರಳನ್ನೂ ಹಿಡಿದು, ಉಗುರಿನ ಸಂದಿಯನ್ನೂ ಬಿಡದೆ ತೊಳೆದರು. ಮುಟ್ಟಾದ ನನ್ನನ್ನು ಅವರು ತಾವಾಗಿ ಮುಟ್ಟಿದ್ದು ಅದೇ ಮೊದಲು. ಅವರಿಗೆ ಅದು ಗಮನಕ್ಕೆ ಬಂತೋ ಇಲ್ಲವೋ, ನನಗೆ ಬಂತು. ಕಣ್ಣಲ್ಲಿ ನೀರೂ ಬಂತು, ಖಾರ ಎಂದೆ.

ಬದಲಾಯಿಸಿಕೊಂಡು ಬಂದಾಗ ಅತ್ತೆ ಬೇಸನ್ನಿನ ಮುಂದೆ ನ್ಯಾಯಾಧೀಶರಂತೆ ಕೂತಿದ್ದರು. "ಆ ಡಬ್ಬಿ ತಗೊಂಡು ಬಾ, ನೋಡಣ" ಎಂದರು. ತಂದು ಮುಂದಿಟ್ಟೆ. ಮೇಲಿದ್ದ ಕುಂಕುಮ ಅರ್ಧ ಅಳಿಸಿತ್ತು, ಅರ್ಧ ಇನ್ನೂ ಇತ್ತು. ಅತ್ತೆ ಕುಂಕುಮ ನೋಡಿದರು. ಗುರುತು ಹತ್ತಿತು. "ಇದು ಆವತ್ತಿನ ಬತ್ತಿ..." ಎಂದವರು ಅಲ್ಲಿಗೇ ನಿಲ್ಲಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ದೀಪಕ್ಕೆ ಹಚ್ಚಲು ಹೊರಟದ್ದು ನೆನಪಾಗಿರಬೇಕು. ಅಳುತ್ತಿದ್ದಾರೋ ಎಂದು ನಾನು ಹೆದರಿದೆ. ಭುಜ ಕುಲುಕುತ್ತಿದ್ದವು. ನಗುತ್ತಿದ್ದರು. ನಾನೂ ಶುರು ಮಾಡಿದೆ. ಇಬ್ಬರೂ ಉಪ್ಪಿನಕಾಯಿಯ ಎರಡು ಪಕ್ಕ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಜಮಾನರು ಬಂದು ಇಣುಕಿ, ಇದು ತಮಗೆ ಸಂಬಂಧಿಸಿದ್ದಲ್ಲ ಎಂದು ಅರಿತು ಹಿಂದಿರುಗಿದರು.

ನಗು ನಿಂತ ಮೇಲೆ ಅತ್ತೆ ತೀರ್ಪು ಕೊಟ್ಟರು. "ಪೋನೀಲೇ, ಹೋಗ್ಲಿ ಬಿಡು. ದೇವರ ಮುಂದೆ ಕೂತಿದ್ದು ಇದು, ಕುಂಕುಮ ಹಚ್ಚಿಸ್ಕೊಂಡಿದೆ, ಹೂವು ಮುಡಿದಿದೆ. ಇದನ್ನ ಒಳಗಿಟ್ಕೊಂಡೋಳಿಗೆ ಮೈಲಿಗೆ ಎಲ್ಲಿಂದ ಬರ್ತದೆ? ಇದು ಮೈಲಿಗೆ ಅಂದ್ರೆ ನನ್ನ ದೇವರ ಮನೆಯೂ ಮೈಲಿಗೆ ಅಂದಂಗಾಯ್ತು. ನನ್ನ ದೇವರ ಮನೆ ಮೈಲಿಗೆ ಅನ್ನೋಕೆ ನೀನ್ಯಾರೇ?" ನಾನು ಹಾಗೆ ಅಂದೇ ಇರಲಿಲ್ಲ. ಆದರೂ ತಪ್ಪಾಯಿತು ಎಂದು ಒಪ್ಪಿಕೊಂಡೆ. ಉಪ್ಪಿನಕಾಯಿ ಜಾಡಿಗಿಳಿಯಿತು.

ಅವರ ಕುತೂಹಲ ಮಾತ್ರ ತಣಿದಿರಲಿಲ್ಲ. ಒಂದನ್ನು ಬಿಚ್ಚಿಸಿ ಸ್ಟೀಲ್ ಲೋಟದ ನೀರಿಗೆ ಹಾಕಿಸಿದರು. ಅದು ನೀರು ಕುಡಿದು ಊದಿತು. ದಾರ ಹಿಡಿದೆತ್ತಿದರು, ತಿರುಗಿಸಿ ನೋಡಿದರು. "ಇದನ್ನ ಇಟ್ಕೊಂಡು ಬಾವೀಗೆ ಬಿದ್ರೂ ಏನೂ ಆಗಲ್ವಾ?" ಎಂದರು. ಬಾವಿ ಯಾಕೆ ಬಂತು ಎಂದು ನನಗೆ ಅರ್ಥವಾಗಲಿಲ್ಲ. ಏನೂ ಆಗಲ್ಲ ಅತ್ತೆ ಎಂದೆ. ದಾರ ಹಿಡಿದುಕೊಂಡೇ ಅವರು ಹೇಳಿದರು. "ನಂಗೆ ಈಜು ಬರ್ತಿತ್ತು ಕಣೇ."

ತೋಟದ ಬಾವಿಯಂತೆ, ಆಗ ಅದರಲ್ಲಿ ಮೇಲುಮೆಟ್ಟಿಲವರೆಗೆ ನೀರಂತೆ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಅಣ್ಣನ ಜೊತೆಯಲ್ಲೇ ಕಲಿತರಂತೆ. ಮೋಟಾರ್ ಮನೆಯ ಮೇಲಿನಿಂದ ಧುಮುಕಲು ಅಣ್ಣ ಹೆದರುತ್ತಿದ್ದನಂತೆ, ಇವರು ಹೆದರುತ್ತಿರಲಿಲ್ಲವಂತೆ. ನೀರ ಮೇಲೆ ಅಂಗಾತ ಮಲಗಿ ಬಾವಿಯ ಬಾಯಿಯಷ್ಟೇ ಆಕಾಶ ನೋಡುತ್ತಿದ್ದರಂತೆ. "ದೊಡ್ಡವಳಾದೆ. ಹೊಸ ಲಂಗ ಉಡ್ಸಿದ್ರು, ಚಿಗಳಿ ತಿನ್ಸಿದ್ರು, ಆರತಿ ಎತ್ತಿದ್ರು. ಎಲ್ಲಾ ಮುಗೀತಲ್ಲ ಅಂತ ಬಾವಿ ಹತ್ರ ಹೋದ್ರೆ ನಮ್ಮಪ್ಪ, ಇನ್ನು ಸಾಕು ಒಳಗೆ ಹೋಗು ಅಂದ್ರು. ಅಣ್ಣ ಮಾತ್ರ ಧುಮುಕಿದ. ನಾನು ಸದ್ದು ಕೇಳ್ತಾ ನಿಂತಿದ್ದೆ." ಲೋಟವನ್ನು ಬದಿಗಿಟ್ಟರು. "ಆರತಿ ಎತ್ತಿ ಬಾವಿ ಕಿತ್ಕೊಂಡ್ರು."

ಇಷ್ಟು ವರ್ಷದಲ್ಲಿ ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ನಾನಾದರೂ ಕೇಳಿರಲಿಲ್ಲ. ನನಗೆ ಬಹಳ ಸಂಕಟವಾಯಿತು. ಅತ್ತೆ ಮಾತ್ರ ಎದ್ದು ಜಾಡಿಯ ಬಾಯಿಗೆ ಬಟ್ಟೆ ಕಟ್ಟುತ್ತ, "ನಾಳೆ ಹೋಗು. ಮಧ್ಯದಲ್ಲಿ ಕಾಲು ಮಾತ್ರ ಕೆಳಗಿಡಬೇಡ" ಎಂದರು.

ಭಾನುವಾರ ಮೂರು ತಂಡಗಳು ನಿಂತಿದ್ದವು. ಮೊದಲು ನಾಗವೇಣಿ, ಆಮೇಲೆ ಮಂಜುಳ, ಆಮೇಲೆ ನಾನು, ಕೊನೆಗೆ ಜಬೀನಾ ಮೇಡಂ. ಕಾಲು ನೆಲಕ್ಕೆ ಊರಿ ನಿಂತವರ ತಂಡ ಹೊರಗೆ ಎಂದು ಸೀಟಿಯವರು ಹೇಳಿದರು. ನಾಗವೇಣಿ ಮೀನಿನಂತೆ ಹೋದಳು, ಮಂಜುಳ ಆ ಮುನ್ನಡೆಯನ್ನು ನನ್ನವರೆಗೆ ಜೋಪಾನವಾಗಿ ತಂದುಕೊಟ್ಟಳು. ನಾನು ಅದನ್ನು ಪೂರ್ತಿಯಾಗಿ ನೀರಿಗೆ ಹಾಕಿದೆ. ಅರ್ಧ ದಾರಿಗೆ ಈಜಿನ ಕನ್ನಡಕದೊಳಗೆ ನೀರು ಬಂತು, ಮೂಗಿನೊಳಗೆ ನೀರು ಬಂತು, ಪಕ್ಕದ ಇಬ್ಬರೂ ದಾಟಿಹೋದರು. ಉಸಿರು ಸಿಗದೆ ಕಾಲು ತಾನಾಗಿಯೇ ನೆಲ ಹುಡುಕತೊಡಗಿತು. ದಡದ ಮೇಲೆ ಜಬೀನಾ ಮೇಡಂ ಕೈ ಮುಂದೆ ಚಾಚಿ ನಿಂತಿರುವುದು ಮಸುಕಾಗಿ ಕಂಡಿತು. ಬಾವಿಯ ಹತ್ತಿರ ಸದ್ದು ಕೇಳುತ್ತ ನಿಂತ ಹುಡುಗಿಯೂ ಯಾಕೋ ಕಂಡಳು. ಕಾಲು ಕೆಳಗಿಡಲಿಲ್ಲ. ಹೇಗೆ ಹೋದೆನೋ ಕಾಣೆ, ಕೈ ಗೋಡೆಗೆ ತಾಗಿದ ಮೇಲೆಯೇ ಕೆಮ್ಮಿದೆ. ನನ್ನ ತಲೆಯ ಮೇಲಿನಿಂದ ಜಬೀನಾ ಮೇಡಂ ಹಾರಿದರು, ಏನು ಹಾರಿದರು ಅಂತೀರಿ! ಆದರೆ ನಾನು ಕಳೆದದ್ದನ್ನು ಹಿಡಿಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಮೂರು ತಂಡಗಳಲ್ಲಿ ನಮಗೆ ಮೂರನೆಯ ಬಹುಮಾನ ಬಂತು. ಒಬ್ಬೊಬ್ಬರಿಗೆ ಒಂದೊಂದು ಸ್ಟೀಲ್ ಟಿಫಿನ್ ಡಬ್ಬಿ.

ಮೇಲೆ ಬಂದವಳು ಅಭ್ಯಾಸ ಬಲದಿಂದ ಮಂಜುಳಾಳಿಗೆ ಬೆನ್ನು ತೋರಿಸಿ, "ನೋಡೇ, ಹಿಂದೆ ಏನಾದ್ರೂ ಆಗಿದ್ಯಾ?" ಎಂದೆ. ಹೈಸ್ಕೂಲಿನಿಂದ ಇವತ್ತಿನವರೆಗೆ ಎಷ್ಟು ಜನರಿಗೆ ಎಷ್ಟು ಸಲ ಬೆನ್ನು ತೋರಿಸಿ ಈ ಪ್ರಶ್ನೆ ಕೇಳಿದ್ದೇನೋ! "ಏನಿಲ್ಲ ಮೇಡಂ, ನೀರು ಸೋರ್ತಿದೆ ಅಷ್ಟೆ" ಎಂದಳು. ಎಷ್ಟು ನೆಮ್ಮದಿಯ ಮಾತು ಅದು.

ಉಪ್ಪಿನಕಾಯಿಗೆ ಬೂಷ್ಟು ಬರಲಿಲ್ಲ. ಅತ್ತೆ ಪ್ರತಿ ವಾರ ಬಟ್ಟೆ ಬಿಚ್ಚಿ, ಮೂಸಿ, ನನ್ನ ಕಡೆ ನೋಡಿ ಮತ್ತೆ ಕಟ್ಟುತ್ತಿದ್ದರು. ತೀರ್ಪು ಮುಳಬಾಗಿಲಿಗೂ ಹಬ್ಬಿತು, ಶ್ರೀನಿವಾಸಪುರಕ್ಕೂ ಹಬ್ಬಿತು. ಗೃಹಪ್ರವೇಶ, ಸತ್ಯನಾರಾಯಣ ಪೂಜೆ ಎಂದರೆ ನಾದಿನಿ ಫೋನ್ ಮಾಡಿ, "ಅತ್ತಿಗೆ, ಆ ಕುಂಕುಮದ ಡಬ್ಬಿ ಒಂದು ಕಳ್ಸಿ" ಎನ್ನುತ್ತಾಳೆ. ದೇವರ ಮುಂದೆ ಇಟ್ಟು ಕಳಿಸಿದರೆ ಮಾತ್ರ ನಡೆಯುತ್ತದಂತೆ, ಅತ್ತೆ ಇಟ್ಟೇ ಕಳಿಸುತ್ತಾರೆ. ಇದರಿಂದ ನಷ್ಟವಾದದ್ದು ನನಗೊಬ್ಬಳಿಗೇ. ಮೊದಲಾದರೆ ಹಬ್ಬದ ಹೊತ್ತಿಗೆ ಸರಿಯಾಗಿ ಮುಟ್ಟಾದರೆ, ಒಬ್ಬಟ್ಟಿನ ಹೂರಣ ರುಬ್ಬುವುದು ತಪ್ಪಿ ಮೂಲೆಯಲ್ಲಿ ಕಾಲು ಚಾಚಿ ಕೂರಬಹುದಿತ್ತು. ಈಗ ಸೊಂಟ ನೋವು ಅತ್ತೆ ಎಂದರೆ, "ಬತ್ತಿ ಇಟ್ಕೊಂಡು ಬಾ, ಹೂರಣ ರುಬ್ಬು" ಎನ್ನುತ್ತಾರೆ. ಸ್ವಾತಂತ್ರ್ಯ ಎಂದರೆ ಇಷ್ಟು ಕೆಲಸವಿರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ದಸರಾ ರಜೆಯಲ್ಲಿ ಒಂದು ಬೆಳಿಗ್ಗೆ ನಾನು ಈಜಿಗೆ ಹೊರಟಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು, ಇಂಚರಾಳ ಹಳೆಯ ಚೂಡಿದಾರ್ ಹಾಕಿಕೊಂಡು. ಎಪ್ಪತ್ತು ದಾಟಿದ ಹೆಂಗಸು. ನಾನು ಬೆರಗಾಗಿ ನೋಡುತ್ತಿದ್ದರೆ, "ಏನೇ ನೋಡ್ತೀಯಾ? ನಂಗೆ ಆ ಬತ್ತಿಯೂ ಬೇಕಿಲ್ಲ ಈಗ. ಇನ್ನೇನು ಅಡ್ಡಿ? ನಡಿ" ಎಂದರು. ದಾರಿಯುದ್ದಕ್ಕೂ ನಾನು ಲೆಕ್ಕ ಹಾಕುತ್ತಿದ್ದೆ. ಐವತ್ತು ವರ್ಷಕ್ಕೂ ಮೇಲ್ಪಟ್ಟು ನೀರಿಗಿಳಿಯದವರು, ಬಿಪಿ ಬೇರೆ. ಕೊಳದಲ್ಲಿ ನಾನೇ ಮೊದಲು ಇಳಿದು, ಪಕ್ಕದ ಕಂಬಿಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈ ಅವರ ಕಡೆ ಚಾಚಿ, ಟೀಚರ್ ಧ್ವನಿಯಲ್ಲಿ ಶುರು ಮಾಡಿದೆ. "ಅತ್ತೆ, ಹೆದರಬೇಡಿ. ಮೊದಲು ಉಸಿರು ಬಿಡಿ. ಮೈ ಬಿಗಿ ಹಿಡೀಬೇಡಿ. ನನ್ನ ಕೈ ಹಿಡ್ಕೊಳಿ..."

ಅವರು ನನ್ನ ಕೈ ಹಿಡಿಯಲಿಲ್ಲ. ಮೆಟ್ಟಿಲಿಳಿದು ಎದೆಮಟ್ಟದ ನೀರಿಗೆ ಬಂದು ಒಂದು ಕ್ಷಣ ಕಣ್ಣು ಮುಚ್ಚಿ ನಿಂತರು. ಆಮೇಲೆ ತಲೆಯನ್ನು ಹಿಂದಕ್ಕೆ ಚೆಲ್ಲಿ, ಹಾಸಿಗೆಯ ಮೇಲೆ ಮಲಗಿದಷ್ಟು ಸಲೀಸಾಗಿ ಅಂಗಾತ ಮಲಗಿಬಿಟ್ಟರು. ಬಿಳಿ ಕೂದಲು ಬಿಚ್ಚಿಕೊಂಡಿತು. ಕೈಯನ್ನು ತುಸುವೇ ಆಡಿಸುತ್ತ ಕೊಳದ ನಡುವಿನವರೆಗೆ ತೇಲಿಹೋದರು. ಹೆಂಗಸರ ಬ್ಯಾಚು ಬ್ಯಾಚೇ ಈಜು ಬಿಟ್ಟು ನಿಂತು ನೋಡುತ್ತಿತ್ತು.

ಅಲ್ಲಿಂದಲೇ ಅತ್ತೆ ಒಂದು ಕಣ್ಣು ತೆರೆದು ನನ್ನ ಕಡೆ ನೋಡಿದರು.

"ಎಷ್ಟೊತ್ತೇ ಅದನ್ನ ಹಿಡ್ಕೊಂಡು ನಿಂತಿರ್ತೀಯಾ?" ಎಂದರು. "ಕಂಬಿ ಬಿಟ್ಟು ಬಾರೇ."